ಧೂಳು ಕೇಳಿಕೊಂಡು ಬಂದವರು

ನಮ್ಮ ಮನೆಯಲ್ಲಿ ನಾನು ಒರೆಸದೆ ಬಿಟ್ಟಿರುವ ಜಾಗ ಒಂದೇ ಒಂದು. ಮಲಗುವ ಕೋಣೆಯ ಕಬ್ಬಿಣದ ಬೀರುವಿನ ತಲೆಯ ಮೇಲೆ, ಗೋಡೆಯ ಕಡೆಯ ಮೂಲೆಯಲ್ಲಿ, ಒಂದು ಉತ್ತರಪತ್ರಿಕೆಯಷ್ಟು ಅಗಲ. ಅದನ್ನು ಬಿಟ್ಟರೆ ನನ್ನ ಬಟ್ಟೆಯಿಂದ ತಪ್ಪಿಸಿಕೊಂಡ ವಸ್ತು ಈ ಮನೆಯಲ್ಲಿ ಇಲ್ಲ. ಗ್ಯಾಸ್ ಸಿಲಿಂಡರಿನ ತಳ ಒರೆಸುತ್ತೇನೆ. ಸ್ವಿಚ್ಚುಗಳ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಹಾಕುತ್ತೇನೆ. ನೆಂಟರು ಮೆಟ್ಟಿಲಿಳಿದು ಹೋಗುವ ಮೊದಲೇ ಅವರು ಕೂತಿದ್ದ ಕುರ್ಚಿ ಒರೆಸಿ ಗಂಡನಿಂದ ಬೈಸಿಕೊಂಡಿದ್ದೇನೆ. ಇಂಥವಳು ಆರು ವರ್ಷದಿಂದ ಒಂದು ಹಾಳೆಯಷ್ಟು ಧೂಳನ್ನು ಸಾಕಿಕೊಂಡು ಬಂದಿದ್ದಾಳೆ ಎಂದರೆ ಅದರ ಹಿಂದೆ ಯಾರೋ ನನಗಿಂತ ಗಟ್ಟಿ ಹೆಂಗಸು ಇರಬೇಕು. ಇದ್ದರು. ಹೋದ ತಿಂಗಳು ರಿಟೈರ್ ಆದರು.

ಅವರ ಹೆಸರು ಬರೆಯುವುದಿಲ್ಲ. ಅವರ ಫೈಲಿನಲ್ಲಿ ನನಗೂ ಹೆಸರಿರಲಿಲ್ಲ, ಬರೀ ಒಂದು ನಂಬರ್. ಯಾರ ಮನೆಯ ವಿಷಯವನ್ನೂ ಇನ್ನೊಂದು ಮನೆಯಲ್ಲಿ ಹೆಸರು ಹಿಡಿದು ಹೇಳಿದವರಲ್ಲ. "ಒಂದ್ ಮನೇಲಿ ಹಿಂಗಾಯ್ತು ತಾಯಿ" ಎಂದಷ್ಟೇ ಶುರುಮಾಡುತ್ತಿದ್ದರು. ಅದೇ ಮರ್ಯಾದೆಯನ್ನು ನಾನೂ ಅವರಿಗೆ ಸಲ್ಲಿಸುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಅವರಿಗೆ ಧೂಳು ಮೇಡಂ ಎಂದು ಹೆಸರು. ಅದು ಅವರಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ನಮ್ಮ ಮನೆ ಇರುವುದು ಸುಂಕದಕಟ್ಟೆಯಲ್ಲಿ, ಮಾಗಡಿ ರಸ್ತೆಯಿಂದ ಒಳಕ್ಕೆ ಎರಡು ತಿರುವು. ಕೆಳಗೆ ಬೀದಿಯ ಕಡೆಗೆ ಗಂಡನ ಅಂಗಡಿ. ಮೇಲೆ, ಪಕ್ಕದ ಓಣಿಯಿಂದ ಮೆಟ್ಟಿಲು ಹತ್ತಿದರೆ, ನಾವು ಮೂರು ಜನ: ನಾನು, ಗಂಡ, ಅತ್ತೆ. ನಾನು ಬಸವೇಶ್ವರನಗರದ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಒಂದು ಕಾಗದ ಮುಂದಿಟ್ಟರು. ಯಾವುದೋ ಕಾಲೇಜಿನವರ ಅಧ್ಯಯನವಂತೆ. ತಾಯಿಯ ಸುತ್ತಲಿನ ಗಾಳಿ, ನೀರು, ಹೊಗೆ, ಧೂಳು ಇವೆಲ್ಲ ಹೊಟ್ಟೆಯೊಳಗೆ ಬೆಳೆಯುತ್ತಿರುವ ಮಗುವಿನ ಮಿದುಳಿಗೆ ಏನು ಮಾಡುತ್ತವೆ ಎಂದು ನೋಡುತ್ತಾರಂತೆ. ಹುಟ್ಟಿದ ಮೇಲೂ ಐದಾರು ವರ್ಷ ಮಗುವಿನ ಹಿಂದೆ ಬರುತ್ತಾರಂತೆ. ರಕ್ತಪರೀಕ್ಷೆ ಪುಕ್ಕಟೆ ಎಂದರು. ಸಹಿ ಹಾಕಿದೆ.

ಆ ವಾರವೇ ಫೋನು ಬಂತು. "ಗುರುವಾರ ಹನ್ನೊಂದು ಗಂಟೆಗೆ ಬರ್ತೀನಿ ತಾಯಿ. ನಿಮ್ಮನೆ ಧೂಳು ಬೇಕು."

ಮನೆಗೆ ಬರುವವರು ಹಾಲು ಕೇಳಿದ್ದಾರೆ, ಚಂದಾ ಕೇಳಿದ್ದಾರೆ, ಓಟು ಕೇಳಿದ್ದಾರೆ. ಧೂಳು ಕೇಳಿದವರು ಇವರೇ ಮೊದಲು. ನನಗೆ ಮೈ ಉರಿದುಹೋಯಿತು. ಧೂಳಿನ ವಿಷಯದಲ್ಲಿ ನನ್ನ ಮನೆಯನ್ನು ಅನುಮಾನಿಸುವುದೆ! ಬುಧವಾರ ಶಾಲೆಗೆ ರಜೆ ಹಾಕಿ, ಬಸುರಿ ಎಂಬುದನ್ನೂ ಮರೆತು, ನೆಲ ಎರಡು ಸಲ ತೊಳೆದೆ. ಕಿಟಕಿಯ ಸರಳುಗಳನ್ನು ಒಂದೊಂದಾಗಿ ಉಜ್ಜಿದೆ. ಬಾಗಿಲ ಹಿಂದಿನ ಮೂಲೆಗಳಿಗೆ ಬೆರಳು ತೂರಿಸಿ ಒರೆಸಿದೆ. ಬರಲಿ, ನೋಡೇಬಿಡೋಣ ಎಂದು ಕಾದೆ.

ಬಂದವರನ್ನು ನೋಡಿ ಮೊದಲು ನಗು ಬಂತು. ಐವತ್ತು ದಾಟಿದ ಸಣಕಲು ಹೆಂಗಸು. ಹತ್ತಿ ಸೀರೆ, ಕಾಲಿಗೆ ಓಟಗಾರರ ಬೂಟು. ಬೆನ್ನಿಗೆ ಊಟ ತಲುಪಿಸುವ ಹುಡುಗರು ಹಾಕಿಕೊಳ್ಳುವಂಥ ದೊಡ್ಡ ಚೀಲ, ಕೈಯಲ್ಲಿ ಮಡಚುವ ಕೆಂಪು ಪ್ಲಾಸ್ಟಿಕ್ ಸ್ಟೂಲು. ಕೆಂಗೇರಿ ಉಪನಗರದಿಂದ ಎರಡು ಬಸ್ ಬದಲಾಯಿಸಿ ಆ ಸ್ಟೂಲನ್ನು ಹೊತ್ತು ತಂದಿದ್ದರು. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಅದನ್ನೇ ಬಿಡಿಸಿ ಕೂರುತ್ತಿದ್ದರಂತೆ. ಒಂದು ಸಲ ಕಂಡಕ್ಟರು ಅದಕ್ಕೂ ಲಗೇಜ್ ಟಿಕೆಟ್ ಹರಿಯಲು ಬಂದಾಗ, "ಇದು ಸರ್ಕಾರಿ ಬಸ್ಸಿನ ಸೀಟೇ ಕಣಪ್ಪ, ನೀವು ಹಾಕೋದು ಮರೆತಿದ್ರಿ, ನಾನು ತಂದೆ" ಎಂದಿದ್ದರಂತೆ.

ಅವರು ಒಳಗೆ ಬಂದು ಬಾಗಿಲಲ್ಲೇ ನಿಂತು ಮೂಗೆಳೆದರು. ಅದು ಅವರ ಅಭ್ಯಾಸ. ಯಾರ ಮನೆಗೆ ಹೋದರೂ ಮೊದಲು ಮೂಗು ಒಳಗೆ ಹೋಗುತ್ತಿತ್ತು, ಆಮೇಲೆ ಅವರು. ನಮ್ಮ ಮನೆಯಲ್ಲಿ ಫಿನಾಯಿಲ್ ಘಾಟು. ಚೀಲದಿಂದ ಒದ್ದೆ ಹತ್ತಿಬಟ್ಟೆ ತೆಗೆದು ನೆಲದ ಮೇಲೆ ಅಳತೆ ಹಿಡಿದು ಒರೆಸಿದರು. ಬಿಳಿಯದು ಬಿಳಿಯದಾಗಿಯೇ ಬಂತು. ಕಿಟಕಿಯ ಕಟ್ಟೆ ಒರೆಸಿದರು. ಬಿಳಿ. ನನ್ನ ಎದೆ ಉಬ್ಬಿತು. ಅವರ ಮುಖ ಮಾತ್ರ ಭಿಕ್ಷೆ ಸಿಗದೆ ತಿರುಗುವವರ ಮುಖದಂತಾಗಿತ್ತು.

"ಚೊಕ್ಕವಾಗಿದೆ ಮನೆ," ಎಂದರು.

"ನಮ್ಮನೆ ಯಾವಾಗ್ಲೂ ಹೀಗೇ," ಎಂದೆ. ಆ ಮಾತು ನೆನಪಾದಾಗಲೆಲ್ಲ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಆಮೇಲೆ ಪ್ರಶ್ನೆಗಳು. ಅಡುಗೆ ಯಾವುದರಲ್ಲಿ? ಸೊಳ್ಳೆ ಬತ್ತಿ ಹಚ್ಚುತ್ತೀರಾ? ಅರಿಶಿನ ಪ್ಯಾಕೆಟ್ಟೋ ಬಿಡಿಯೋ? ಗೋಡೆಗೆ ಬಣ್ಣ ಬಳಿದದ್ದು ಯಾವಾಗ? ದಿನಕ್ಕೆ ಎಷ್ಟು ಊದುಬತ್ತಿ? ಅಲ್ಲಿಯವರೆಗೆ ಅಡುಗೆಮನೆಯಲ್ಲಿದ್ದ ಅತ್ತೆ ಈಚೆ ಬಂದರು. "ದೇವರಿಗೆ ಹಚ್ಚೋದನ್ನೂ ಎಣಿಸ್ತಾರೇನಮ್ಮ?" ಎಂದು ಸೊಂಟಕ್ಕೆ ಕೈಯಿಟ್ಟರು. ಮೇಡಂ ಪೆನ್ನು ಕೆಳಗಿಟ್ಟು, "ಅಮ್ಮಾ, ನಿಮ್ಮ ಮಗ ಹೊಟ್ಟೇಲಿದ್ದಾಗ ಯಾರಾದ್ರೂ ಇದೆಲ್ಲ ಕೇಳಿದ್ರಾ?" ಎಂದರು.

"ನನ್ನ ಯಾರು ಕೇಳ್ತಾರೆ? ಊಟ ಆಯ್ತಾ ಅಂತ ಕೇಳೋರೇ ಇರ್ಲಿಲ್ಲ."

ಮೇಡಂ ಚೀಲದಿಂದ ಇನ್ನೊಂದು ಖಾಲಿ ಫಾರಂ ತೆಗೆದರು. ನನ್ನ ಪ್ರಶ್ನೆಗಳನ್ನು ಅರ್ಧಕ್ಕೆ ಬಿಟ್ಟು, ಅತ್ತೆಯ ಮೂವತ್ತು ಚಿಲ್ಲರೆ ವರ್ಷದ ಹಿಂದಿನ ಬಸುರಿಯ ಬಗ್ಗೆ ಮೊದಲಿನಿಂದ ಕೊನೆಯವರೆಗೂ ಕೇಳಿ ಬರೆದುಕೊಂಡರು. ಸೌದೆ ಒಲೆಯ ಹೊಗೆ, ಹೊಲದಲ್ಲಿ ಔಷಧಿ ಹೊಡೆದ ದಿನವೇ ಕಳೆ ಕಿತ್ತದ್ದು, ಬಾವಿಯ ನೀರು. ಅತ್ತೆ ಮಾತಾಡುತ್ತಾ ಮಾತಾಡುತ್ತಾ ಅವರ ಪಕ್ಕದಲ್ಲೇ ನೆಲಕ್ಕೆ ಕೂತುಬಿಟ್ಟರು. ಆ ಫಾರಂ ಯಾವ ಲೆಕ್ಕಕ್ಕೂ ಸೇರುವುದಿಲ್ಲ ಎಂದು ನನಗೂ ಗೊತ್ತಿತ್ತು, ಮೇಡಂಗೂ ಗೊತ್ತಿತ್ತು. ಅತ್ತೆಗೆ ಮಾತ್ರ ಅವತ್ತಿನಿಂದ ಮೇಡಂ ತವರಿನ ಕಡೆಯವರಾಗಿಬಿಟ್ಟರು.

"ಯಜಮಾನರ ಕೆಲಸ?" ಎಂದು ನನ್ನನ್ನು ಕೇಳಿದಾಗ ನಾನು "ಬಿಸಿನೆಸ್" ಎಂದೆ. ಎಂಥದ್ದು ಎಂದರು. "ಎಲೆಕ್ಟ್ರಿಕಲ್" ಎಂದೆ. ಸುಳ್ಳೇನಲ್ಲ. ಆದರೆ ಗಂಡ ಕೆಳಗೆ ಹಳೆಯ ಬ್ಯಾಟರಿಗಳನ್ನು ಬಿಚ್ಚಿ, ಒಳಗಿನ ಸೀಸದ ಪ್ಲೇಟುಗಳನ್ನು ಬದಲಾಯಿಸಿ, ಆಟೋದವರಿಗೂ ಅಂಗಡಿಯವರಿಗೂ ರಿಪೇರಿ ಮಾಡಿಕೊಡುತ್ತಾರೆ ಎಂದು ಹೇಳಲು ನನಗೆ ಸ್ವಲ್ಪ ಸಂಕೋಚವಿತ್ತು. ಟೀಚರಮ್ಮನ ಗಂಡ ಬ್ಯಾಟರಿ ಬಿಚ್ಚುತ್ತಾನೆ ಎಂದರೆ ಹೇಗಿರುತ್ತದೆ, ಹೇಳಿ.

ಕೊನೆಗೆ ಕಾಫಿ. "ಬೈ ಟೂ ಮಾಡಿ ತಾಯಿ," ಎಂದರು, ದರ್ಶಿನಿಯ ಕೌಂಟರಿನಲ್ಲಿ ನಿಂತವರ ಹಾಗೆ. ಒಂದು ಲೋಟದ ಕಾಫಿಯನ್ನು ಎರಡು ಮಾಡಿ ಒಂದು ನನಗೆ, ಒಂದು ಅವರಿಗೆ. ದಿನಕ್ಕೆ ಏಳೆಂಟು ಮನೆ, ಎಲ್ಲ ಕಡೆ ಇಡೀ ಲೋಟ ಕುಡಿದರೆ ಕೊನೆಯ ಮನೆಯ ಹೊತ್ತಿಗೆ ಕೈ ನಡುಗಿ ಧೂಳಿನ ಬಟ್ಟೆ ಬೀಳುತ್ತದೆ ಎಂದು ಅವರ ವಿವರಣೆ. ಬಸುರಿಯ ಕಾಫಿಯನ್ನು ಬೈಯದೆ ಅರ್ಧಕ್ಕಿಳಿಸುವ ಉಪಾಯ ಅದು ಎಂದು ನನಗೆ ಹೊಳೆದದ್ದು ಹೆರಿಗೆಯಾದ ಮೇಲೆ. ನನ್ನಂಥ ಬುದ್ಧಿವಂತರನ್ನು ಅವರು ಹಾಗೆ ದಿನಕ್ಕೆ ಏಳೆಂಟು ಜನರನ್ನು ನಿಭಾಯಿಸುತ್ತಿದ್ದರು. ಒಮ್ಮೆ ನಾನೇ ಕೇಳಿದ್ದೆ, "ಮೇಡಂ, ನೀವು ಇಡೀ ಲೋಟ ಕುಡಿಯೋದು ಯಾವತ್ತು?"

"ಕೆಲಸ ಮುಗೀತು, ಮನಸ್ಸು ನಿರಾಳ ಆಯ್ತು ಅನ್ನಿಸ್ದಾಗ ನಾನೇ ಕೇಳಿ ಕುಡೀತೀನಿ," ಎಂದಿದ್ದರು.

ಎರಡು ತಿಂಗಳಾದ ಮೇಲೆ ಒಂದು ಸಂಜೆ, ಫೋನೂ ಮಾಡದೆ ಬಂದರು. ಅಷ್ಟು ಹೊತ್ತಿಗೆ ನನಗೆ ಆರು ತಿಂಗಳು ತುಂಬಿತ್ತು. ಎಂದಿನಂತೆ ಮೂಗೆಳೆಯಲಿಲ್ಲ, ನೇರ ನನ್ನ ಮುಂದೆ ಬಂದು ಕೂತರು. ನನ್ನ ರಕ್ತದಲ್ಲಿ ಸೀಸ ಇರಬಾರದಷ್ಟು ಇದೆಯೆಂದು ವರದಿ ಬಂದಿತ್ತು. ಡಾಕ್ಟರ ಹತ್ತಿರ ಹೋಗುವುದಕ್ಕೆ ನಾಳೆಗೇ ಚೀಟಿ ಬರೆಸಿ ತಂದಿದ್ದರು.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. "ಬೇರೆ ಯಾರದೋ ರಕ್ತ ಇರಬೇಕು. ನೀವೇ ನೋಡಿದ್ರಲ್ಲ, ನಮ್ಮನೇಲಿ ಧೂಳೇ ಇಲ್ಲ!"

"ಅದೇ ನಂಗೂ ಅರ್ಥ ಆಗ್ತಿಲ್ಲ ತಾಯಿ. ನಿಮ್ಮ ರಕ್ತ ಒಂದು ಹೇಳ್ತಿದೆ, ನಿಮ್ಮ ನೆಲ ಇನ್ನೊಂದು ಹೇಳ್ತಿದೆ." ಅವರು ಸುತ್ತ ನೋಡಿದರು. "ಒಂದ್ ಮಾತು ನಿಜ ಹೇಳಿ. ನಾನು ಬರ್ತೀನಿ ಅಂದಿದ್ದಕ್ಕೆ ಅವತ್ತು ಮನೆ ತೊಳೆದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒಳಗಿನಿಂದ ಕೂಗಿ ಹೇಳಿದರು: "ಎರಡು ಸಲ!"

ಮೇಡಂ ಹಣೆ ಹಣೆ ಚಚ್ಚಿಕೊಂಡು ನಕ್ಕರು. ಅಳಬೇಕಾದ ಹೊತ್ತಿನಲ್ಲಿ ಅವರಿಗೆ ನಗು ಬರುತ್ತಿತ್ತು, ಅದೂ ಒಂದು ಅಭ್ಯಾಸ. ನಾನೊಬ್ಬಳೇ ಅಲ್ಲವಂತೆ. ಧೂಳು ಬೇಕು ಎಂದು ಹೇಳಿ ಹೋದ ಮನೆಗಳೆಲ್ಲ ಅವರು ಹೋಗುವಷ್ಟರಲ್ಲಿ ಹಬ್ಬದ ಮನೆಗಳಾಗಿರುತ್ತಿದ್ದವಂತೆ. ಉಲ್ಲಾಳದ ಒಬ್ಬ ಹುಡುಗಿಯಂತೂ ಮನೆಯನ್ನು ಫಳಫಳ ತೊಳೆದು, ಪಾಪ ಮೇಡಂ ಬರಿಗೈಲಿ ಹೋಗಬಾರದು ಎಂದು ಪಕ್ಕದ ಮನೆಯ ಧೂಳನ್ನು ಮೊರದಲ್ಲಿ ತಂದಿಟ್ಟಿದ್ದಳಂತೆ. "ಓದಿದ ಸಾಹೇಬ್ರು ಎಲ್ಲಾ ಯೋಚನೆ ಮಾಡಿ ಫಾರಂ ಮಾಡಿದಾರೆ. ನಮ್ಮ ಹೆಣ್ಮಕ್ಳಿಗೆ ಯಾರಾದ್ರೂ ಬರ್ತಾರೆ ಅಂದ್ರೆ ಕೈ ಸುಮ್ನಿರಲ್ಲ ಅನ್ನೋದೊಂದು ಬಿಟ್ಟು," ಎಂದರು.

ಎದ್ದು ಕೆಂಪು ಸ್ಟೂಲು ಬಿಡಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀರುವಿನ ಪಕ್ಕದಲ್ಲಿ ಸ್ಟೂಲು ಹತ್ತಿ ನಿಂತರು. ನಾನು ಬಸುರಿಯಾದ ಮೇಲೆ ಸ್ಟೂಲು, ಏಣಿ ಹತ್ತಬಾರದೆಂದು ಅತ್ತೆ ಕಟ್ಟುನಿಟ್ಟು ಮಾಡಿದ್ದರಿಂದ ಬೀರುವಿನ ತಲೆಯೊಂದು ಉಳಿದುಬಿಟ್ಟಿತ್ತು. ಒರೆಸಿದ ಬಟ್ಟೆಯನ್ನು ಕೆಳಗಿಳಿಸಿ ನನಗೆ ತೋರಿಸಿದರು. ರಸ್ತೆಯ ಧೂಳು ಕಂದು ಇರುತ್ತದೆ. ಇದು ಬೂದು, ಪೆನ್ಸಿಲ್ ಪುಡಿಯಂಥ ಬೂದು.

"ಕೆಳಗೆ ಏನಿದೆ ತಾಯಿ, ಸರಿಯಾಗಿ ಹೇಳಿ. ಎಲೆಕ್ಟ್ರಿಕಲ್ ಅಂದಿದ್ರಿ."

ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಇನ್ನೊಂದು ಹೊಳೆಯಿತು. ದಿನಾ ಸಂಜೆ ಗಂಡ ಮೇಲೆ ಬಂದು ಬಿಚ್ಚಿಹಾಕಿದ ಖಾಕಿ ಅಂಗಿಯನ್ನು ನಾನು ಹಾಗೇ ಬಕೆಟ್ಟಿಗೆ ಹಾಕುತ್ತಿರಲಿಲ್ಲ. ನೀರು ಕೊಳೆಯಾಗುತ್ತದಲ್ಲ! ಬಾಲ್ಕನಿಯಲ್ಲಿ ನಿಂತು ಫಟ್ ಫಟ್ ಎಂದು ಕೊಡವಿ, ಕಟ್ಟೆಗೆ ಬಡಿದು, ಧೂಳೆಲ್ಲ ಹಾರಿದ ಮೇಲೆ ನೆನೆಹಾಕುತ್ತಿದ್ದೆ. ಹಾರಿದ ಧೂಳಿಗೆ ಮೊದಲು ಸಿಕ್ಕುತ್ತಿದ್ದದ್ದು ನನ್ನ ಮೂಗು. ಮನೆಯನ್ನು ಚೊಕ್ಕಟ ಮಾಡುತ್ತೇನೆ ಎಂದುಕೊಂಡು ನಾನು ನನ್ನ ಹೊಟ್ಟೆಯಲ್ಲಿರುವುದಕ್ಕೆ ಸೀಸ ಉಣಿಸುತ್ತಿದ್ದೆ. ಅದರ ಮೇಲೆ, ಅವತ್ತು ನೆಲ ತೊಳೆಯದೆ ಇದ್ದಿದ್ದರೆ, ನಿಜ ಹೇಳಿದ್ದರೆ, ಎರಡು ತಿಂಗಳು ಮೊದಲೇ ತಿಳಿಯುತ್ತಿತ್ತು. ಆ ಎರಡು ತಿಂಗಳು ನನ್ನದೇ ಕೆಲಸ.

ನಾನು ಗೊಳೋ ಎಂದು ಅತ್ತುಬಿಟ್ಟೆ. "ಮಗುಗೆ ಏನಾಗುತ್ತೆ ಹೇಳಿ" ಎಂದು ಅವರ ಕೈ ಹಿಡಿದೆ. ಬೇರೆ ಯಾರಾದರೂ ಆಗಿದ್ದರೆ ಏನೂ ಆಗಲ್ಲ ಬಿಡಿ ಎನ್ನುತ್ತಿದ್ದರು. ಅವರು ಕೈ ಬಿಡಿಸಿಕೊಳ್ಳಲಿಲ್ಲ, ಸುಳ್ಳೂ ಹೇಳಲಿಲ್ಲ.

"ಗೊತ್ತಿಲ್ಲ ತಾಯಿ. ಗೊತ್ತಿದ್ದಿದ್ರೆ ನಾನ್ಯಾಕೆ ಹಿಂಗೆ ಮನೆಮನೆ ಅಲೀತಿದ್ದೆ? ಏನೂ ಆಗ್ದೇನೂ ಇರಬಹುದು. ಇನ್ಮೇಲೆ ಒಳಗೆ ಹೋಗೋದನ್ನ ನಿಲ್ಸಬಹುದು. ಅದಂತೂ ಗೊತ್ತು."

ನಿಲ್ಲಿಸುವುದು ಸುಲಭವಿರಲಿಲ್ಲ. ಅತ್ತೆ ತಿರುಗಿ ನಿಂತರು. "ನನ್ನ ಮಗ ಹತ್ತು ವರ್ಷದಿಂದ ಅದೇ ಕೆಲಸ ಮಾಡ್ತಿದಾನೆ, ಗುಂಡುಕಲ್ಲಿನ ಹಾಗಿದಾನೆ. ಅವನಿಗೆ ಏನಾಗಿದೆ?"

"ಅವರನ್ನೂ ಡಾಕ್ಟ್ರಿಗೆ ತೋರಿಸೋಣ. ಆದ್ರೆ ಅವರು ಬೆಳೆದು ನಿಂತೋರಮ್ಮ. ಒಳಗಿರೋದಕ್ಕೆ ಈಗ ತಾನೆ ಮಿದುಳು ಕಟ್ಕೊಳ್ತಿದೆ. ಹಸಿ ಸಿಮೆಂಟ್ ಮೇಲೆ ನಾಯಿ ಓಡಾಡಿದ್ರೆ ಹೆಜ್ಜೆ ಉಳಿಯುತ್ತೆ. ಗಟ್ಟಿಯಾದ್ಮೇಲೆ ಓಡಾಡಿದ್ರೆ ಅಷ್ಟು ಉಳಿಯಲ್ಲ."

ಅತ್ತೆಗೆ ಸಿಮೆಂಟು ನಾಟಲಿಲ್ಲ. ಮೇಡಂ ಇನ್ನೊಂದು ದಾರಿ ಹಿಡಿದರು: "ಸಾವಿನ ಮನೆಗೆ ಹೋಗಿ ಬಂದ್ರೆ ಏನ್ ಮಾಡ್ತೀರಿ ಅಮ್ಮಾ?"

"ಹೊರಗೇ ಸ್ನಾನ. ಬಟ್ಟೆ ಬೇರೆ ಬಕೆಟ್ಟಿಗೆ. ಸ್ನಾನ ಆಗೋವರೆಗೂ ಏನೂ ಮುಟ್ಟೋ ಹಾಗಿಲ್ಲ."

"ಅಂಗಡಿನೂ ಹಾಗೇ ಅಂದ್ಕೊಳಿ. ಮೊಮ್ಮಗು ಬರೋವರೆಗೂ."

ಅಷ್ಟು ಸಾಕಾಯಿತು. ಸೀಸ, ರಕ್ತ, ಮಿದುಳು ಯಾವುದಕ್ಕೂ ಬಗ್ಗದ ಅತ್ತೆ ಇದಕ್ಕೆ ಬಗ್ಗಿದರು. ಬಗ್ಗಿದರು ಏನು ಬಂತು, ಅಧಿಕಾರ ವಹಿಸಿಕೊಂಡರು. ಮಾರನೆಯ ಸಂಜೆಯಿಂದ ಅಂಗಡಿಯ ಹಿಂದಿನ ಬಚ್ಚಲಲ್ಲಿ ಗಂಡನಿಗೆ ಸ್ನಾನ, ಅಲ್ಲೇ ಬೇರೆ ಬಟ್ಟೆ. ಖಾಕಿ ಅಂಗಿ ಕೆಳಗೇ ನೀರಿಗೆ ಬೀಳಬೇಕು, ಕೊಡವುವಂತಿಲ್ಲ. ಮೆಟ್ಟಿಲ ಮೇಲ್ತುದಿಯಲ್ಲಿ ಅತ್ತೆ ಕುರ್ಚಿ ಹಾಕಿಕೊಂಡು ಕೂತು, ತಲೆಗೂದಲು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿ ಮಗನನ್ನು ಒಳಗೆ ಬಿಡುತ್ತಿದ್ದರು. ಗಂಡ ದಿನಾ ಸಂಜೆ ಒದ್ದೆ ತಲೆಯಲ್ಲಿ, ಲುಂಗಿಯಲ್ಲಿ, ಮುಖ ಸಣ್ಣದು ಮಾಡಿಕೊಂಡು ಅಂಗಡಿಯ ಬಾಗಿಲೆಳೆಯುವುದನ್ನು ನೋಡಿ ಆಟೋದವರು, "ಅಣ್ಣಾ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಕೇಳತೊಡಗಿದರು. ಒಬ್ಬನಂತೂ ನಾಲ್ಕು ದಿನ ಸತತ ನೋಡಿ, ಐದನೆಯ ದಿನ ಬಾಳೆಹಣ್ಣು ಹಿಡಿದು ಮನೆಗೇ ಬಂದ.

ಆದರೆ ಗಂಡನ ಮುಖ ಸಣ್ಣದಾಗಿದ್ದದ್ದು ಸ್ನಾನಕ್ಕಲ್ಲ. ಒಂದು ಸಂಜೆ ಕೆಳಗಿನ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದರು. "ನಿನಗೂ ಮಗುಗೂ ಅಂತ ದುಡೀತಿದ್ದೆ ಕಣೇ. ಅದನ್ನೇ ಮೈಮೇಲೆ ಹೊತ್ಕೊಂಡು ಬಂದ್ನಾ?" ಎಂದರು.  ಪಕ್ಕದಲ್ಲಿ ಹೋಗಿ ಕೂತೆ. ಮೇಲಿನಿಂದ ಅತ್ತೆ, "ಅವನಿಗೆ ಸ್ನಾನ ಆಯ್ತೇನೇ, ಪಕ್ಕದಲ್ಲಿ ಕೂತಿದೀಯ?" ಎಂದು ಗದರಿದರು. ಇಬ್ಬರಿಗೂ ನಗು ಬಂತು, ಅಳುವೂ ಬಂತು. ಆ ತಿಂಗಳೇ ಅವರು ಹಳೆಯ ಬ್ಯಾಟರಿ ಬಿಚ್ಚುವುದನ್ನು ಬಿಟ್ಟರು. ಈಗ ಹೊಸದನ್ನು ಮಾರುತ್ತಾರೆ, ಹಳೆಯದನ್ನು ಬಿಚ್ಚದೆ ಇಡಿಯಾಗಿ ಕಂಪನಿಗೇ ವಾಪಸು ಕಳಿಸುತ್ತಾರೆ.

ಹೆರಿಗೆಗೆ ಮೊದಲು ಇನ್ನೊಮ್ಮೆ ರಕ್ತ ನೋಡಿದರು. "ಇಳಿದಿದೆ" ಎಂಬ ಒಂದು ಮಾತು ಹೇಳಲು ಮೇಡಂ ಎರಡು ಬಸ್ ಹತ್ತಿ ಬಂದರು. ಫೋನಿನಲ್ಲೇ ಹೇಳಬಹುದಿತ್ತಲ್ಲ ಎಂದೆ. "ಕೆಟ್ಟ ಸುದ್ದಿಗೆ ಮನೇವರೆಗೂ ಬಂದಿದ್ದೆ. ಒಳ್ಳೇದಕ್ಕೆ ಫೋನ್ ಮಾಡಿದ್ರೆ ಹೆಂಗೆ?" ಎಂದರು. ಅವತ್ತೇ ಬೀರುವಿನ ತಲೆಯ ಮೇಲೆ ಬಿಳಿ ಟೇಪು ಅಂಟಿಸಿ ಒಂದು ಚೌಕ ಮಾಡಿದರು. "ಇಡೀ ಮನೆ ನಿಮ್ದು. ಇದೊಂದು ನಂದು. ವರ್ಷಕ್ಕೊಂದ್ಸಲ ಬಂದು ನಾನೇ ಒರೆಸ್ಕೊಂಡು ಹೋಗ್ತೀನಿ. ನೀವು ಕೈ ಇಟ್ರೆ ನಂಗೆ ಗೊತ್ತಾಗುತ್ತೆ." ಮೊದಲ ವರ್ಷ ನನಗೆ ಆ ಚೌಕದ್ದೇ ಧ್ಯಾನ. ಒದ್ದೆ ಬಟ್ಟೆ ಹಿಡಿದು ಬೀರುವಿನ ಮುಂದೆ ನಿಂತು ನಿಂತು ವಾಪಸಾಗುತ್ತಿದ್ದೆ.

ಮಗಳು ಹುಟ್ಟಿದಳು. ಅತ್ತಳು, ನಕ್ಕಳು, ಬೋರಲು ಬಿದ್ದಳು, ಎಲ್ಲವೂ ಹೊತ್ತಿಗೆ ಸರಿಯಾಗಿ. ಆದರೂ ನನ್ನ ಅನುಮಾನ ಹೋಗಲಿಲ್ಲ. ಸದಾ ಮಾರ್ಕು ಹಾಕುವುದೇ ನನ್ನ ಕೆಲಸವಾದ್ದರಿಂದ ಮಗಳಿಗೂ ಒಳಗೊಳಗೇ ಹಾಕುತ್ತಲೇ ಇದ್ದೆ. ಅವಳು ಏನು ತಪ್ಪಿದರೂ ಮೇಡಂಗೆ ಫೋನು. ಮೂರು ವರ್ಷದವಳಿದ್ದಾಗ ಒಂದು ದಿನ, "ಮೇಡಂ, ದಿನಾ ಚಪ್ಪಲಿ ಉಲ್ಟಾ ಹಾಕ್ಕೊಳ್ತಾಳೆ, ಎಷ್ಟು ಹೇಳಿದ್ರೂ ತಲೆಗೆ ಹೋಗ್ತಿಲ್ಲ" ಎಂದು ಅತ್ತುಬಿಟ್ಟೆ.

"ನಮ್ಮನೆಯವರು ಈ ವಯಸ್ಸಲ್ಲೂ ಬನಿಯನ್ ಉಲ್ಟಾ ಹಾಕ್ಕೊಳ್ತಾರೆ ತಾಯಿ. ಅವರ ಊರಲ್ಲಿ ಬ್ಯಾಟರಿ ಅಂಗಡಿನೇ ಇರ್ಲಿಲ್ಲ," ಎಂದು ಫೋನಿಟ್ಟರು.

ತಮ್ಮ ಬಗ್ಗೆ ಅವರು ಹೇಳಿಕೊಂಡದ್ದು ಕಡಿಮೆ. ಹಳೇ ಕೆಂಗೇರಿಯ ಕಡೆ ಅವರಿಗೆ ಜಮೀನಿತ್ತು, ಈಗ ಅದು ಬಡಾವಣೆ. ಊರಿನ ಕೊಳೆಯೆಲ್ಲ ಹರಿದುಬರುವ ವೃಷಭಾವತಿಯ ನೀರಿನಲ್ಲೇ ಅವರ ಮನೆಯವರು ಸೊಪ್ಪು ಬೆಳೆದು ಮಾರುತ್ತಿದ್ದರು, ತಾವೂ ತಿನ್ನುತ್ತಿದ್ದರು. "ನಂಗೆ ಲೆಕ್ಕ ತಲೆಗೆ ಹತ್ತಲೇ ಇಲ್ಲ. ಅದು ಆ ಸೊಪ್ಪಿಂದೋ, ನಮ್ಮ ಲೆಕ್ಕದ ಮೇಷ್ಟ್ರಿಂದೋ? ಅವಾಗ ಯಾರೂ ಫಾರಂ ತುಂಬಿಸ್ಲಿಲ್ಲ ನೋಡಿ, ಈಗ ಹೆಂಗ್ ಗೊತ್ತಾಗ್ಬೇಕು?" ಎಂದು ನಕ್ಕಿದ್ದರು. ನಗುವುದರೊಳಗೆ ಒಂದು ನಿಜ ಇಟ್ಟು ದಾಟಿಹೋಗುವುದು ಅವರ ದಾರಿ. ಅವತ್ತು ನನಗೆ ಅತ್ತೆಯ ಫಾರಂ ನೆನಪಾಯಿತು.

ಹೋದ ತಿಂಗಳು ಮಗಳ ಕೊನೆಯ ಪರೀಕ್ಷೆ. ಮೇಡಂಗೂ ಅದು ಕೆಲಸದ ಕೊನೆಯ ದಿನ, ಪಟ್ಟಿಯಲ್ಲಿ ನಮ್ಮದೇ ಕೊನೆಯ ಮನೆ. ಬೇಕೆಂದೇ ಹಾಗೆ ಇಟ್ಟುಕೊಂಡರೋ ಏನೋ, ಕೇಳಲಿಲ್ಲ. ಮೊದಲು ಸ್ಟೂಲು ಹತ್ತಿ ತಮ್ಮ ಚೌಕ ಒರೆಸಿಕೊಂಡರು. ಬಟ್ಟೆಗೆ ಬಂದದ್ದು ಕಂದು ಧೂಳು, ಮಾಗಡಿ ರಸ್ತೆಯದು. ಆಮೇಲೆ ಚೀಲದಿಂದ ಚಿತ್ರದ ಪುಸ್ತಕ, ಬಣ್ಣದ ಮರದ ತುಂಡುಗಳು ಹೊರಬಂದವು. ನನ್ನನ್ನು ಮೂಲೆಯಲ್ಲಿ ಕೂರಿಸಿ, ಕೆಮ್ಮಬಾರದು, ನಗಬಾರದು, ತಲೆಯಾಡಿಸಬಾರದು ಎಂದರು.

ನಾನು ಕೆಮ್ಮಲಿಲ್ಲ. ಎರಡು ನಿಮಿಷವಾಗಿರಬೇಕು, ಅವರು ತಿರುಗಿ, "ತಾಯಿ, ನೀವು ಕಣ್ಣಲ್ಲೇ ಕಾಪಿ ಹೊಡೆಸ್ತಿದೀರ. ಆ ಕಡೆ ಗೋಡೆಗೆ ತಿರುಗಿ ಕೂತ್ಕೊಳಿ" ಎಂದರು. ಹದಿನೈದು ವರ್ಷ ಪರೀಕ್ಷೆಯ ಕೋಣೆ ಕಾದ ನಾನು ನನ್ನದೇ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಮರದ ತುಂಡುಗಳ ಸದ್ದು. ನನ್ನಿಂದ ತಡವಾದ ಆ ಎರಡು ತಿಂಗಳು ಮುಂದಿನ ಗೋಡೆಯ ಮೇಲೇ ಬರೆದಿದ್ದಂತೆ ಕಾಣುತ್ತಿತ್ತು.

ಇದ್ದಕ್ಕಿದ್ದಂತೆ ಮಗಳ ದನಿ ಏರಿತು. "ಮುಟ್ಬೇಡಿ! ನೀವು ಕೈ ತೊಳ್ಕೊಂಡಿಲ್ಲ."

"ಯಾಕಮ್ಮ ಪುಟ್ಟಿ?"

"ಆಚೆಯಿಂದ ಬಂದಿದೀರ. ಬೀರು ಮೇಲೆ ಬೇರೆ ಕೈ ಹಾಕಿದೀರ. ಅಜ್ಜಿ ಹೇಳಿದಾರೆ, ಕೈ ತೊಳೀದೆ ನಮ್ಮನೇಲಿ ಏನೂ ಮುಟ್ಟೋ ಹಾಗಿಲ್ಲ. ಅಪ್ಪನೂ ಮುಟ್ಟೋ ಹಾಗಿಲ್ಲ. ಬಚ್ಚಲು ಅಲ್ಲಿದೆ, ಸೋಪು ಎಡಗಡೆ ಇದೆ."

ನಾನು ಗೋಡೆಯ ಕಡೆಯಿಂದ ತಿರುಗಿಬಿಟ್ಟೆ. ಮೇಡಂ ಎರಡೂ ಕೈ ಮೇಲೆತ್ತಿ, ಸಿಕ್ಕಿಬಿದ್ದ ಕಳ್ಳಿಯ ಹಾಗೆ, ಬಚ್ಚಲ ಕಡೆಗೆ ಹೋಗುತ್ತಿದ್ದರು. ಮೆಟ್ಟಿಲ ಕಾವಲಿನಿಂದ ಎಂದೋ ನಿವೃತ್ತರಾಗಿದ್ದ ಅತ್ತೆ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡುತ್ತಿದ್ದ ಹೆಮ್ಮೆಯೇನು! ಬಚ್ಚಲಲ್ಲಿ ನೀರು ತುಂಬ ಹೊತ್ತು ಸುರಿಯಿತು. ಈಚೆ ಬಂದಾಗ ಮೇಡಂ ಕೈಯಷ್ಟೇ ಅಲ್ಲ, ಮುಖವನ್ನೂ ತೊಳೆದಿದ್ದರು. ಮಗಳಿಗೆ ಎರಡೂ ಅಂಗೈ ತೋರಿಸಿ ಅಪ್ಪಣೆ ಪಡೆದು, ಪರೀಕ್ಷೆ ಮುಂದುವರಿಸಿದರು.

ಮುಗಿದ ಮೇಲೆ ತುಂಡುಗಳನ್ನು ಎಣಿಸಿ ಡಬ್ಬಿಗೆ ಹಾಕಿದರು. ಫಾರಂ ಮಡಚಿ ಕವರಿಗೆ ಹಾಕಿ ಅಂಟಿಸಿದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಮೇಡಂ, ಹೇಗೆ ಮಾಡಿದ್ಲು?"

"ನಾನು ಹೇಳೋ ಹಾಗಿಲ್ಲ ತಾಯಿ. ಅದು ಮಾರ್ಕ್ಸ್ ಅಲ್ಲ. ಸಾಹೇಬ್ರು ನೋಡ್ಬೇಕು, ಏನಾದ್ರೂ ಇದ್ರೆ ಅವರೇ ಕರೆದು ಹೇಳ್ತಾರೆ."

"ಆರು ವರ್ಷ ಕಾದಿದೀನಿ. ಒಂದೇ ಒಂದು ಮಾತು."

ಅವರು ನನ್ನ ಮುಖವನ್ನೇ ನೋಡಿದರು. ಆ ಸಂಜೆ ಸುಳ್ಳು ಹೇಳದೆ ಕೈ ಹಿಡಿದಿದ್ದಾಗ ಹೇಗೆ ನೋಡಿದ್ದರೋ ಹಾಗೇ.  ಚೀಲವನ್ನು ಭುಜದಿಂದ ಇಳಿಸಿ ಕೆಳಗಿಟ್ಟರು. ಮಡಚಿದ್ದ ಕೆಂಪು ಸ್ಟೂಲನ್ನು ಮತ್ತೆ ಬಿಡಿಸಿ, ನಮ್ಮ ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡು, ಕಾಲು ಚಾಚಿ ಕೂತರು.

"ಕಾಫಿ ಕೊಡಿ ತಾಯಿ," ಎಂದರು. "ಇವತ್ತು ಬೈ ಟೂ ಬೇಡ. ಇಡೀ ಲೋಟ ಕೊಡಿ."

ಕೊನೆಯ ದಿನ, ಕೊನೆಯ ಮನೆ, ಮುಂದೆ 'ಧೂಳು ಕೊಡಿ' ಎಂದು ತಟ್ಟಲು ಬಾಗಿಲಿಲ್ಲ. ಅದಕ್ಕೇ ಕೇಳಿದ್ದಿರಬಹುದು. ನನಗೂ ಗೊತ್ತು. ಆದರೂ ಡಿಕಾಕ್ಷನ್ ಸುರಿಯುವಾಗ 'ಮನಸ್ಸು ನಿರಾಳ ಆಯ್ತು ಅನ್ನಿಸ್ದಾಗ' ಎಂದಿದ್ದ ಅವರ ಹಳೆಯ ಮಾತೇ ನನ್ನ ಕಿವಿಯಲ್ಲಿತ್ತು. ಲೋಟದ ಕಂಠದವರೆಗೂ ತುಂಬಿಸಿ ಅವರ ಮುಂದಿಟ್ಟೆ. ತುಂಬಿದ್ದು ಹೆಚ್ಚಾಗಿ ಕಟ್ಟೆಯ ಮೇಲೆ, ನೆಲದ ಮೇಲೆ ಎಲ್ಲ ಚೆಲ್ಲಿತು. ನಾನು ಒರೆಸಲಿಲ್ಲ.